ಹಸುಗೂಸಿನ ಪರವಾಗಿ ನಿರ್ಧರಿಸುವವರು ಯಾರು?

ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಎಂಬ ಊರಿನಲ್ಲಿ 1982ರ ಏಪ್ರಿಲ್ 9ರಂದು ಒಂದು ಗಂಡು ಮಗು ಹುಟ್ಟಿತು. ಅದಕ್ಕೆ ಡೌನ್ ಸಿಂಡ್ರೋಮ್ ಇತ್ತು. ಅಂದರೆ ಜೀವಕೋಶಗಳಲ್ಲಿ 46ರ ಬದಲು 47 ವರ್ಣತಂತುಗಳಿದ್ದು, ಬುದ್ಧಿಯ ಬೆಳವಣಿಗೆ ನಿಧಾನವಾಗುವ ಸ್ಥಿತಿ. ಜೊತೆಗೆ ಮಗುವಿನ ಅನ್ನನಾಳ ಜಠರವನ್ನು ತಲುಪದೆ ನಡುವೆಯೇ ಮುಚ್ಚಿಕೊಂಡಿತ್ತು. ಕುಡಿಸಿದ ಹಾಲು ಹೊಟ್ಟೆಗೆ ಇಳಿಯುವಂತಿರಲಿಲ್ಲ. ಈ ದೋಷವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವ ಕ್ರಮ ಆಗಲೇ ವೈದ್ಯರಿಗೆ ಗೊತ್ತಿತ್ತು. ಮಕ್ಕಳ ವೈದ್ಯರು ಕೂಡಲೇ ದೊಡ್ಡ ಆಸ್ಪತ್ರೆಗೆ ಸಾಗಿಸೋಣ ಎಂದರು. ಹೆರಿಗೆ ಮಾಡಿಸಿದ ವೈದ್ಯರು ಮಾತ್ರ, ಶಸ್ತ್ರಚಿಕಿತ್ಸೆ ಮಾಡಿದರೂ ಮಗುವಿನ ಬುದ್ಧಿಮಾಂದ್ಯ ಹೋಗುವುದಿಲ್ಲ, ಬೇಡವೆನ್ನುವುದೂ ಒಂದು ದಾರಿ ಎಂದು ತಿಳಿಸಿದರು. ತಂದೆ ತಾಯಿ ಬೇಡವೆಂದರು. ವಿಷಯ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಧೀಶರು ತಂದೆ ತಾಯಿಯ ತೀರ್ಮಾನವನ್ನೇ ಎತ್ತಿಹಿಡಿದರು. ನಾವು ಸಾಕಿಕೊಳ್ಳುತ್ತೇವೆ, ಕೊಡಿ ಎಂದು ಹಲವು ಕುಟುಂಬಗಳು ಮುಂದೆ ಬಂದವು. ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಬರುವ ಮೊದಲೇ, ಏಪ್ರಿಲ್ 15ರಂದು, ಮಗು ತೀರಿಕೊಂಡಿತು. ದಾಖಲೆಗಳಲ್ಲಿ ಅದರ ಹೆಸರು 'ಬೇಬಿ ಡೋ'. ಹೆಸರು ಹೇಳಬಾರದ ವ್ಯಕ್ತಿಗಳಿಗೆ ಅಲ್ಲಿನ ನ್ಯಾಯಾಲಯಗಳು ಕೊಡುವ ಹೆಸರು ಅದು.

ನಲವತ್ತು ವರ್ಷಕ್ಕೂ ಹಿಂದಿನ, ಎಲ್ಲೋ ದೂರದ ಈ ಸಂಗತಿ ನಮಗೇಕೆ ಎಂದು ಓದುಗರು ಕೇಳಬಹುದು. ಅಲ್ಲಿ ಒಂದು ಸಣ್ಣ ಗೊಂದಲ ಒಂದು ಜೀವವನ್ನು ತೆಗೆದುಕೊಂಡಿತು. ಅದೇ ಗೊಂದಲ ಇಂದಿಗೂ ನಮ್ಮ ಆಸ್ಪತ್ರೆಗಳ ಪಡಸಾಲೆಗಳಲ್ಲಿ ಕಾಣುತ್ತದೆ. 'ಈ ಕಾಯಿಲೆ ವಾಸಿಯಾಗುತ್ತದೆಯೇ?' ಎನ್ನುವುದು ಒಂದು ಪ್ರಶ್ನೆ. 'ಈ ಮಗು ಎಲ್ಲರಂತೆ ಆಗುತ್ತದೆಯೇ?' ಎನ್ನುವುದು ಇನ್ನೊಂದು. ಬ್ಲೂಮಿಂಗ್ಟನ್ನಿನಲ್ಲಿ ಮೊದಲನೆಯದಕ್ಕೆ 'ಹೌದು' ಎಂಬ ಉತ್ತರವಿತ್ತು. ಎರಡನೆಯದರ ಉತ್ತರವನ್ನು ಮೊದಲನೆಯದಕ್ಕೆ ಅಂಟಿಸಿದ್ದರಿಂದ ಮಗುವಿಗೆ ಹಾಲು ಸಿಗಲಿಲ್ಲ.

ಆ ಘಟನೆಯ ನಂತರ ಅಮೆರಿಕದ ಸರ್ಕಾರ ಇನ್ನೊಂದು ತುದಿಗೆ ಹೋಯಿತು. 1983ರಲ್ಲಿ ಆಸ್ಪತ್ರೆಗಳ ಗೋಡೆಗಳ ಮೇಲೆ ಎಚ್ಚರಿಕೆಯ ಫಲಕ ಹಾಕಬೇಕೆಂದೂ, ಅಂಗವೈಕಲ್ಯದ ಕಾರಣಕ್ಕೆ ಶಿಶುವಿಗೆ ಚಿಕಿತ್ಸೆ ನಿರಾಕರಿಸಿದರೆ ಯಾರು ಬೇಕಾದರೂ ಫೋನ್ ಮಾಡಿ ದೂರಬಹುದೆಂದೂ ನಿಯಮ ಮಾಡಿತು. ವೈದ್ಯರ ಬೆನ್ನಿಗೆ ಪೊಲೀಸರನ್ನು ನಿಲ್ಲಿಸಿದಂತಿದ್ದ ಈ ಬಗೆಯ ನಿಯಮಗಳು 1986ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದವು. ಆದರೆ ನಡುವೆ, 1984ರಲ್ಲಿ, ಬಂದ ಕಾಯಿದೆಯ ತಿರುಳು ಉಳಿಯಿತು. ಮಗು ಮರಳಿ ಬಾರದ ಕೋಮಾದಲ್ಲಿದ್ದರೆ, ಚಿಕಿತ್ಸೆ ಸಾವನ್ನು ಮುಂದೂಡುವುದಷ್ಟೇ ಆಗಿದ್ದರೆ, ಅಥವಾ ಚಿಕಿತ್ಸೆ ಹೆಚ್ಚೂ ಕಡಿಮೆ ನಿಷ್ಫಲವಾಗಿದ್ದು ಅದನ್ನು ಹೇರುವುದೇ ಕ್ರೌರ್ಯವಾಗುವುದಾದರೆ ಅದನ್ನು ಮಾಡಲೇಬೇಕೆಂಬ ಕಡ್ಡಾಯವಿಲ್ಲ. ಮಗು ಮುಂದೆ ಮಂದಬುದ್ಧಿಯದಾಗುತ್ತದೆ ಎಂಬುದು ಈ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು. 1983ರ ಸುಮಾರಿಗೆ ಅಮೆರಿಕದಲ್ಲಿ ಡೌನ್ ಸಿಂಡ್ರೋಮ್ ಇದ್ದವರು ಬದುಕುತ್ತಿದ್ದುದು ಸುಮಾರು 25 ವರ್ಷ. ಈಗ ಅಲ್ಲಿ ಅಂಥವರು 60ರ ಆಸುಪಾಸಿನವರೆಗೆ ಬದುಕುತ್ತಾರೆ. ವರ್ಣತಂತು ಬದಲಾಗಲಿಲ್ಲ, ಹೃದಯದ, ಕರುಳಿನ ಶಸ್ತ್ರಚಿಕಿತ್ಸೆ ಬೇಡವೆನ್ನುವವರು ಕಡಿಮೆಯಾದರು.

ಯಂತ್ರದೊಡನೆ ಬಂದ ಪ್ರಶ್ನೆ

ನಮ್ಮ ಅಜ್ಜಿಯರ ಕಾಲದಲ್ಲಿ ಇಂಥ ತೀರ್ಮಾನಗಳ ಹೊರೆ ಇರಲಿಲ್ಲ. ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿದರೆ ದೇವರ ದಯೆ, ಹೋದರೆ ಹಣೆಬರಹ. ದೊಡ್ಡವರ ಮನೆಯ ಕಥೆಯೂ ಬೇರೆಯಾಗಿರಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಗಂಡು ಮಗು ಹುಟ್ಟಿತು. ದಿನ ತುಂಬಲು ಇನ್ನೂ ಐದೂವರೆ ವಾರವಿತ್ತು. ತೂಕ ಸುಮಾರು 2.1 ಕೆ.ಜಿ. ಶ್ವಾಸಕೋಶ ಬಲಿತಿರಲಿಲ್ಲ. ಜಗತ್ತಿನ ಅತಿ ಬಲಶಾಲಿ ದೇಶದ ವೈದ್ಯರೆಲ್ಲ ಸೇರಿದರೂ ಮಗು 39 ಗಂಟೆ ಬದುಕಿತು, ಅಷ್ಟೇ. ಬಲಿಯದ ಶ್ವಾಸಕೋಶದೊಳಗೆ ಇಲ್ಲದಿರುವ ಜಾರುದ್ರವ್ಯವನ್ನು ಹೊರಗಿನಿಂದ ಕೊಟ್ಟು ಮಕ್ಕಳನ್ನು ಉಳಿಸಬಹುದೆಂದು ಜಪಾನಿನ ಫುಜಿವಾರ ಅವರ ತಂಡ ತೋರಿಸಿದ್ದು 1980ರಲ್ಲಿ. ಇಂದು ಅಷ್ಟೇ ತೂಕದ, ಅಷ್ಟೇ ದಿನದ ಮಗು ನಮ್ಮ ಜಿಲ್ಲಾ ಆಸ್ಪತ್ರೆಯ ವಿಶೇಷ ನವಜಾತ ಶಿಶು ಘಟಕದಲ್ಲಿ ಬದುಕಿ ಮನೆಗೆ ಹೋಗುವುದು ಸುದ್ದಿಯೇ ಅಲ್ಲ.

ಯಂತ್ರ ಬಂತು, ಔಷಧ ಬಂತು. ಅವುಗಳ ಬೆನ್ನಿಗೇ 'ಎಲ್ಲಿಗೆ ನಿಲ್ಲಿಸಬೇಕು?' ಎಂಬ ಪ್ರಶ್ನೆಯೂ ಬಂತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಇಬ್ಬರು ಮಕ್ಕಳ ವೈದ್ಯರು, ಡಫ್ ಮತ್ತು ಕ್ಯಾಂಪ್‌ಬೆಲ್, 1973ರಲ್ಲಿ ಒಂದು ಲೇಖನ ಬರೆದು ವೈದ್ಯಲೋಕವನ್ನು ಬೆಚ್ಚಿಬೀಳಿಸಿದರು. ತಮ್ಮ ಘಟಕದಲ್ಲಿ ತೀರಿಕೊಂಡ 299 ಶಿಶುಗಳ ಪೈಕಿ 43 ಶಿಶುಗಳು ಚಿಕಿತ್ಸೆಯನ್ನು ತಡೆಹಿಡಿದ ಕಾರಣ ತೀರಿಕೊಂಡವು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಅದುವರೆಗೆ ಎಲ್ಲ ಕಡೆಯೂ ನಡೆಯುತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ.

ವೈದ್ಯರು ಎಷ್ಟು ಖಚಿತವಾಗಿ ಮಾತನಾಡಿದರೂ ಅವರ ಲೆಕ್ಕ ತಪ್ಪಬಹುದು ಎಂಬುದಕ್ಕೆ ಇತಿಹಾಸದಲ್ಲಿ ಉದಾಹರಣೆಗಳಿವೆ. ಹುಟ್ಟಿದ ಶಿಶುವಿಗೆ ನೋವಿನ ಅರಿವು ಅಷ್ಟಾಗಿ ಇರುವುದಿಲ್ಲವೆಂದು ನಂಬಿ, ತೀರ ಕಡಿಮೆ ಅರಿವಳಿಕೆಯಲ್ಲಿ ಎದೆ ಕೊಯ್ಯುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಭಾರತ ಮೂಲದ ಡಾ. ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು 1987ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಬುಡಮೇಲು ಮಾಡಿತು. ಬೆನ್ನುಹುರಿ ಹೊರಗೆ ಚಾಚಿಕೊಂಡು ಹುಟ್ಟುವ ಶಿಶುಗಳಲ್ಲಿ ಯಾರಿಗೆ ಶಸ್ತ್ರಚಿಕಿತ್ಸೆ ಮಾಡಬೇಕು, ಯಾರಿಗೆ ಬಿಡಬೇಕು ಎಂದು ಇಂಗ್ಲೆಂಡಿನ ಡಾ. ಲಾರ್ಬರ್ 1971ರಲ್ಲಿ ಮಾನದಂಡ ಹಾಕಿಕೊಟ್ಟರು. ಅಂದು 'ಬಿಡಬೇಕಾದವರ' ಸಾಲಿಗೆ ಸೇರುತ್ತಿದ್ದಂಥ ಮಕ್ಕಳಲ್ಲಿ ಅನೇಕರು ಇಂದು ಗಾಲಿಕುರ್ಚಿಯಲ್ಲಿ ಕುಳಿತು ಶಾಲೆ ಕಾಲೇಜು ಮುಗಿಸುತ್ತಾರೆ.

ಮೂರು ಬಗೆಯ ಶಿಶುಗಳು

ಹಾಗಾದರೆ ಯಾವ ಶಿಶುವಿಗೂ ಚಿಕಿತ್ಸೆ ನಿಲ್ಲಿಸಲೇಬಾರದೇ? ಹಾಗಲ್ಲ. ಕೆಲವು ಶಿಶುಗಳಲ್ಲಿ ಚಿಕಿತ್ಸೆ ಕೊಡುವುದು ಬಿಡುವುದು ನಮ್ಮ ಇಷ್ಟದ ಮಾತೇ ಅಲ್ಲ; ಕೊಡಲೇಬೇಕು. ಎಂಟು ತಿಂಗಳಿಗೆ ಹುಟ್ಟಿದ ಮಗು, ಕಾಮಾಲೆ ಏರಿದ ಮಗು, ರಕ್ತದಲ್ಲಿ ನಂಜಾದ ಮಗು, ಅನ್ನನಾಳ ಅಥವಾ ಕರುಳು ಮುಚ್ಚಿಕೊಂಡಿರುವ ಮಗು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಡೌನ್ ಸಿಂಡ್ರೋಮ್ ಇದೆ ಎಂಬ ಕಾರಣಕ್ಕೆ ಇವು ಈ ಗುಂಪಿನಿಂದ ಹೊರಗೆ ಹೋಗುವುದಿಲ್ಲ. ಇನ್ನು ಕೆಲವು ಶಿಶುಗಳಿಗೆ ಯಾವ ಯಂತ್ರವೂ ನೆರವಾಗದು. ಮಿದುಳು, ತಲೆಬುರುಡೆ ಬೆಳೆಯದೇ ಹುಟ್ಟಿದ ಶಿಶು, ಎರಡೂ ಮೂತ್ರಪಿಂಡಗಳಿಲ್ಲದೆ, ಆ ಕಾರಣ ಶ್ವಾಸಕೋಶವೂ ಬೆಳೆಯದೆ ಹುಟ್ಟಿದ ಶಿಶು ಅಂಥವು. ಅವುಗಳ ಬಾಯಿಗೆ ನಳಿಕೆ ತುರುಕುವುದು ಉಪಚಾರವಲ್ಲ, ಹಿಂಸೆ.

ಕಷ್ಟವಿರುವುದು ಈ ಎರಡರ ನಡುವಿನ ಮಬ್ಬಿನಲ್ಲಿ. 25-26 ವಾರಕ್ಕೆ ಹುಟ್ಟಿ ಕಿಲೋ ತೂಕವೂ ಇಲ್ಲದ ಮಗು. ಮಿದುಳಿನೊಳಗೆ ಭಾರಿ ರಕ್ತಸ್ರಾವವಾದ ಮಗು. ಹೃದಯದ ಎಡಭಾಗವೇ ಸರಿಯಾಗಿ ಬೆಳೆಯದ ಮಗು. ಮತ್ತು ನಮ್ಮ ಕಡೆ ಬಹುವಾಗಿ ಕಾಣುವ, 'ಹುಟ್ಟಿದ ತಕ್ಷಣ ಅಳಲಿಲ್ಲ' ಎನ್ನುವ ಮಗು.

ಈ ಕೊನೆಯದನ್ನು ಸ್ವಲ್ಪ ವಿವರಿಸಬೇಕು. ಹೆರಿಗೆಯ ಸಮಯದಲ್ಲಿ ಆಮ್ಲಜನಕ ಸಾಲದೆ ಮಿದುಳಿಗೆ ಪೆಟ್ಟಾಗುತ್ತದೆ. ಪೆಟ್ಟು ಸಣ್ಣದಾಗಿದ್ದರೆ ಮಗು ಒಂದೆರಡು ದಿನದಲ್ಲಿ ಚೇತರಿಸಿಕೊಂಡು ಹಾಲು ಚೀಪುತ್ತದೆ. ಮುಂದೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ನಡುತರದ್ದಾದರೆ ಫಿಟ್ಸ್ ಬರುತ್ತದೆ, ಮೈ ಸಡಿಲವಾಗುತ್ತದೆ. ಇವರಲ್ಲಿ ಪೂರ್ತಿ ಚೆನ್ನಾಗಿ ಆದವರೂ ಇದ್ದಾರೆ, ಆಗದವರೂ ಇದ್ದಾರೆ. ತೀವ್ರವಾದರೆ ಮಗು ಮಿಸುಕಾಡದೆ, ಯಂತ್ರವಿಲ್ಲದೆ ಉಸಿರಾಡದೆ ಮಲಗಿರುತ್ತದೆ. ಬಹುತೇಕ ತೀರಿಕೊಳ್ಳುತ್ತದೆ, ಇಲ್ಲವೆ ಬಹಳ ದೊಡ್ಡ ಊನದೊಂದಿಗೆ ಉಳಿಯುತ್ತದೆ. ತೊಡಕೇನೆಂದರೆ ಮೊದಲ ಕೆಲವು ಗಂಟೆಗಳಲ್ಲಿ ಈ ಮೂರನ್ನೂ ಖಡಾಖಂಡಿತವಾಗಿ ಬೇರ್ಪಡಿಸಲು ಬರುವುದಿಲ್ಲ. ಮೂರು ನಾಲ್ಕು ದಿನ ನೋಡಬೇಕು. ಮಗು ತಾನಾಗಿ ಉಸಿರೆಳೆಯುತ್ತದೆಯೇ, ಕಣ್ಣಿನ ಪಾಪೆ ಬೆಳಕಿಗೆ ಕಿರಿದಾಗುತ್ತದೆಯೇ, ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ, ಎಂ.ಆರ್.ಐ. ಏನು ಹೇಳುತ್ತವೆ ಎಂಬುದನ್ನೆಲ್ಲ ಕೂಡಿಸಿ ನೋಡಬೇಕು.

ಇಲ್ಲಿ ಇನ್ನೊಂದು ಮಾತು. 'ಫಾರಿನ್ನಿನಲ್ಲಿ ಮಗುವಿನ ಮೈ ತಂಪು ಮಾಡಿ ಮಿದುಳು ಉಳಿಸುತ್ತಾರಂತೆ, ಇಲ್ಲೇಕೆ ಮಾಡಲಿಲ್ಲ?' ಎಂದು ಅಂತರ್ಜಾಲ ನೋಡಿದ ಚಿಕ್ಕಪ್ಪ ಮಾವಂದಿರು ಕೇಳುತ್ತಾರೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 7 ಘಟಕಗಳಲ್ಲಿ 408 ಶಿಶುಗಳ ಮೇಲೆ ಇದನ್ನೇ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂಪು ಮಾಡಿದ ಶಿಶುಗಳಲ್ಲಿ ಶೇ 42, ಮಾಡದವುಗಳಲ್ಲಿ ಶೇ 31 ತೀರಿಕೊಂಡಿದ್ದವು. ಬೇರೆ ನೆಲದಲ್ಲಿ ಫಲಿಸಿದ್ದು ಇಲ್ಲಿ ಹಾನಿಯನ್ನೇ ಮಾಡಿತು. ಒಂದು ಚಿಕಿತ್ಸೆ ಕೊಡಲಿಲ್ಲವೆಂದರೆ ಕೈಬಿಟ್ಟರು ಎಂದೇ ಅರ್ಥವಲ್ಲ.

ಪಡಸಾಲೆಯಲ್ಲಿ ನಡೆಯುವ ಪಂಚಾಯಿತಿ

ನಾನು ಶಿಶುತಜ್ಞನಲ್ಲ, ತಾಲ್ಲೂಕು ಕೇಂದ್ರದಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಸಾಮಾನ್ಯ ವೈದ್ಯ. ಆದರೂ ಈ ವಿಷಯ ನನ್ನ ಬಳಿಗೆ ಬರುತ್ತಲೇ ಇರುತ್ತದೆ. ದೊಡ್ಡ ಆಸ್ಪತ್ರೆಯ ಪಡಸಾಲೆಯಿಂದ ರಾತ್ರಿ ಫೋನ್ ಬರುತ್ತದೆ. "ಡಾಕ್ಟ್ರೇ, ಮಗೂನ ಗ್ಲಾಸ್ ಪೆಟ್ಟಿಗೇಲಿ ಇಟ್ಟವ್ರೆ. ಮಿಷನ್ ಹಾಕ್ಬೇಕು, ಸೈನ್ ಮಾಡಿ ಅಂತಾವ್ರೆ. ಏನ್ ಮಾಡೋದು ಹೇಳಿ."

ಕೆಲವು ವರ್ಷಗಳ ಹಿಂದೆ ಹೀಗೆಯೇ ಒಂದು ಕರೆ ಬಂತು. ಮಗುವಿಗೆ ನಾಲ್ಕನೇ ದಿನ. ಹುಟ್ಟಿದಾಗ ಅತ್ತಿರಲಿಲ್ಲ, ಅಂದಿನಿಂದಲೂ ವೆಂಟಿಲೇಟರಿನ ಮೇಲಿತ್ತು. ಫಿಟ್ಸ್ ನಿಂತಿರಲಿಲ್ಲ. ಎಲ್ಲ ಪರೀಕ್ಷೆಗಳೂ ಒಂದೇ ಮಾತು ಹೇಳುತ್ತಿದ್ದವು. ಮಾತನಾಡುತ್ತಿದ್ದವರು ಮಗುವಿನ ಅಜ್ಜ. ಮಗ, ಬೀಗರು, ಊರಿನ ಇಬ್ಬರು ಹಿರಿಯರು ಎಲ್ಲ ಸೇರಿ ಕೂತು ಮಾತಾಡಿ ಆಗಿದೆ, ಇನ್ನು ಸಾಕು ಅನ್ನಿಸುತ್ತದೆ, ನೀವೇನಂತೀರಿ ಎಂದರು.

"ಮಗಳು ಏನಂದಳು ಯಜಮಾನ್ರೇ?" ಎಂದೆ.

"ಅವಳಿಗೆ ಹೇಳಿಲ್ಲ ಡಾಕ್ಟ್ರೇ. ಹಸಿ ಬಾಣಂತಿ, ಸಿಸೇರಿಯನ್ ಆಗದೆ. ನಂಜೇರಿಬಿಟ್ರೆ? ಮಗು ಚೆನ್ನಾಗದೆ ಅಂತಾನೆ ಹೇಳಿದೀವಿ."

ತಾಯಿ ಇನ್ನೂ ನಮ್ಮೂರಿನ ನರ್ಸಿಂಗ್ ಹೋಮಿನಲ್ಲಿಯೇ ಇದ್ದಳು. ಮಗು ನೂರು ಕಿಲೋಮೀಟರ್ ದೂರದಲ್ಲಿ. ಮಗುವಿನ ಮುಖವನ್ನು ಅವಳು ನೋಡಿಯೇ ಇರಲಿಲ್ಲ.

ನಂಜೇರುತ್ತದೆ, ಹಾಲು ಬತ್ತುತ್ತದೆ, ತಲೆ ಕೆಡುತ್ತದೆ ಎಂಬ ಭಯದ ಹಿಂದೆ ಪ್ರೀತಿಯೇ ಇದೆ. ಆದರೆ ನನ್ನ ಅನುಭವದಲ್ಲಿ ತಲೆ ಕೆಡಿಸುವುದು ಸತ್ಯವಲ್ಲ. ಹತ್ತು ದಿನ 'ಚೆನ್ನಾಗಿದೆ' ಎನ್ನಿಸಿಕೊಂಡು ಹನ್ನೊಂದನೇ ದಿನ ಮಣ್ಣು ಮಾಡಿ ಬಂದೆವೆಂದು ಕೇಳುವುದು. ಆ ತಾಯಂದಿರು ವರ್ಷಗಟ್ಟಲೆ ನನ್ನ ಮುಂದೆ ಕುಳಿತು ತಲೆನೋವು, ಎದೆನೋವು, ನಿದ್ದೆಯಿಲ್ಲ ಎನ್ನುತ್ತಾರೆ. ಮಾತು ಬಿಡಿಸಿದರೆ ಕೊನೆಗೆ ಹೊರಬರುವುದು ಒಂದೇ ವಾಕ್ಯ: "ನನಗೆ ತೋರಿಸಲೇ ಇಲ್ಲ ಸಾರ್."

ಆ ದಿನ ಅಜ್ಜ ನನ್ನ ಮಾತು ಕೇಳಿದರು. ನರ್ಸಿಂಗ್ ಹೋಮಿನ ವೈದ್ಯರು ಹೊಲಿಗೆ ನೋಡಿ ಕಳುಹಿಸಿಕೊಟ್ಟರು. ಕಾರಿನ ಹಿಂದಿನ ಸೀಟಿನಲ್ಲಿ ದಿಂಬು ಹಾಕಿ ಮಲಗಿಸಿಕೊಂಡು ಹೋದರು. ಘಟಕದ ವೈದ್ಯರು ಅವಳಿಗೂ ಗಂಡನಿಗೂ ಒಟ್ಟಿಗೆ, ಕುಳಿತು, ಒಂದು ಗಂಟೆ ವಿವರಿಸಿದರು. ಆಕೆ ಒಂದೇ ಪ್ರಶ್ನೆ ಕೇಳಿದಳಂತೆ, ಮಗುವಿಗೆ ನೋಯುತ್ತಿದೆಯಾ ಎಂದು. ಇನ್ನೂ ಎರಡು ದಿನ ನೋಡೋಣ ಎಂದಳು, ನೋಡಿದರು. ಬಳಿಕ ಮಗುವನ್ನು ಅವಳ ಮಡಿಲಲ್ಲಿಟ್ಟರು. ತೀರ್ಮಾನ ಅಜ್ಜ ಹೇಳಿದ್ದೇ ಆಯಿತು, ನಿಜ. ಆದರೆ ಅದು ಅವಳದೂ ಆಗಿತ್ತು.

ಹಣ, ಹೆಣ್ಣು, ಊನ

ಪಡಸಾಲೆಯ ಮಾತುಕತೆಯಲ್ಲಿ ಬಾಯಿಬಿಟ್ಟು ಹೇಳದ ಮೂರು ವಿಷಯಗಳಿರುತ್ತವೆ. ಮೊದಲನೆಯದು ಹಣ. ಖಾಸಗಿ ಘಟಕದ ದಿನದ ಬಿಲ್ ನೋಡಿ ಹೊಲ ಮಾರುವ ಯೋಚನೆ ಮಾಡುವ ತಂದೆಯನ್ನು ಕಲ್ಲುಮನಸ್ಸಿನವನೆಂದು ನಾನು ಎಂದೂ ಕರೆಯಲಾರೆ. ಮನೆಯಲ್ಲಿ ಇನ್ನೆರಡು ಮಕ್ಕಳಿರುತ್ತವೆ. ಆದರೆ ಹಣವಿಲ್ಲ ಎಂಬುದನ್ನು 'ಮಗು ಉಳಿಯಲ್ಲ ಬಿಡಿ' ಎಂಬ ಮಾತಿನೊಳಗೆ ಮುಚ್ಚಿಡಬಾರದು. ಹಣವಿಲ್ಲ ಎಂದು ನೇರವಾಗಿ ಹೇಳಿದರೆ ಅದಕ್ಕೆ ದಾರಿಗಳಿವೆ. 2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆ ಬಿದ್ದ ನವಜಾತ ಶಿಶುವಿನ ಚಿಕಿತ್ಸೆ, ಔಷಧ, ರಕ್ತ, ಸಾಗಾಟ ಉಚಿತ. ಹುಟ್ಟುದೋಷಗಳಿಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಮಕ್ಕಳ ಶಸ್ತ್ರಚಿಕಿತ್ಸಕರಿದ್ದಾರೆ. ಮೂರನೇ ದಿನ ದುಡ್ಡು ಮುಗಿದ ಮೇಲೆ ವಿಚಾರಿಸುವುದರ ಬದಲು ಮೊದಲ ದಿನವೇ ಕೇಳುವುದು ಲೇಸು. ಎಲ್ಲದಕ್ಕೂ ಯಂತ್ರವೇ ಬೇಕೆಂದೂ ಇಲ್ಲ. ಒಂದು ಕಿಲೋದಿಂದ 1.8 ಕಿಲೋದೊಳಗಿನ ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಬರಿ ಎದೆಗೆ ಒತ್ತಿ ಇಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ಭಾರತವೂ ಸೇರಿ ಐದು ದೇಶಗಳಲ್ಲಿ ಪರೀಕ್ಷಿಸಿದಾಗ ಸಾವು ಕಾಲುಭಾಗದಷ್ಟು ಇಳಿಯಿತೆಂದು 2021ರಲ್ಲಿ ವರದಿಯಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಈ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಪ್ರಯತ್ನ ನಡೆದು, ಕೈಗೂಡಿತು ಕೂಡ.

ಎರಡನೆಯದು, ಹೇಳಲು ನಾಚಿಕೆಯಾಗುತ್ತದೆ. ಸರ್ಕಾರಿ ಶಿಶು ಘಟಕಗಳಿಗೆ ದಾಖಲಾಗುವವರಲ್ಲಿ ಗಂಡು ಶಿಶುಗಳೇ ಹೆಚ್ಚು. ಗಂಡು ಶಿಶುಗಳಿಗೆ ಕಾಯಿಲೆ ಕೊಂಚ ಹೆಚ್ಚು ಎಂಬುದು ನಿಜವಾದರೂ ಇಡೀ ಅಂತರಕ್ಕೆ ಅದು ಕಾರಣವಲ್ಲ. 'ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ' ಎಂದು ಸಹಿ ಹಾಕುವವರನ್ನು ನಾನು ಒಂದು ಪ್ರಶ್ನೆ ಕೇಳುವುದುಂಟು: ಇದೇ ಕಾಯಿಲೆ, ಇದೇ ಖರ್ಚು, ಮಗು ಗಂಡಾಗಿದ್ದರೆ ಕರೆದೊಯ್ಯುತ್ತಿದ್ದಿರಾ? ಸಿಟ್ಟಾದವರೂ ಇದ್ದಾರೆ. ಒಬ್ಬರು ತಲೆ ತಗ್ಗಿಸಿ ವಾಪಸು ಒಳಗೆ ಹೋದದ್ದೂ ಉಂಟು.

ಮೂರನೆಯದು ಊನದ ಭಯ. ನನ್ನ ಬಳಿ ಬರುವ ಒಂದು ಕುಟುಂಬದಲ್ಲಿ ಡೌನ್ ಸಿಂಡ್ರೋಮ್ ಇದ್ದ ಹೆಣ್ಣು ಮಗು ಹುಟ್ಟಿತು. ಸಣ್ಣ ಕರುಳಿನ ಮೊದಲ ಭಾಗವೇ ಮುಚ್ಚಿಹೋಗಿತ್ತು. "ಆಪರೇಷನ್ ಮಾಡ್ಸಿ ಏನು ಪ್ರಯೋಜನ, ನಾವು ಹೋದ್ಮೇಲೆ ನೋಡೋರ್ಯಾರು?" ಎಂದು ಅಜ್ಜಿ ಪಟ್ಟು ಹಿಡಿದರು. ಈ ಪ್ರಶ್ನೆ ಹಗುರವಾದದ್ದಲ್ಲ. ಆದರೆ ಅದಕ್ಕೆ ಉತ್ತರ ಮಗುವನ್ನು ಉಪವಾಸ ಕೆಡವುವುದೂ ಅಲ್ಲ. ಸಾಕಲು ಸಾಧ್ಯವೇ ಇಲ್ಲ ಎನ್ನುವವರು 2015ರ ಬಾಲನ್ಯಾಯ ಕಾಯಿದೆಯಂತೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾದರೆ ಹಿಂಪಡೆಯಲು ಎರಡು ತಿಂಗಳ ಅವಕಾಶವೂ ಇರುತ್ತದೆ. ಈ ಮಾತನ್ನು ನಾನು ಹೇಳಿದಾಗ ಆ ಅಜ್ಜಿಯೇ ಮೊದಲು ಅತ್ತದ್ದು. ಶಸ್ತ್ರಚಿಕಿತ್ಸೆ ಆಯಿತು. ಹುಡುಗಿಗೆ ಈಗ ಏಳು ವರ್ಷ. ಮಾತು ಸ್ಪಷ್ಟವಿಲ್ಲ, ಹೃದಯದಲ್ಲಿ ಸಣ್ಣ ರಂಧ್ರವಿದೆ, ವರ್ಷಕ್ಕೆ ನಾಲ್ಕು ಸಲ ಶೀತ ಕೆಮ್ಮೆಂದು ಬರುತ್ತಾಳೆ, ನನ್ನ ಸ್ಟೆತಸ್ಕೋಪ್ ಕಿತ್ತುಕೊಂಡು ಅಜ್ಜಿಯ ಎದೆಗೆ ಇಡುತ್ತಾಳೆ. ಇದನ್ನು ಹೇಳುವಾಗ ಆ ಮನೆಯವರ ಕಷ್ಟ ಕಡಿಮೆಯೆಂದು ನಾನು ಹೇಳುತ್ತಿಲ್ಲ. ತಾಯಿ ಕೆಲಸ ಬಿಟ್ಟಿದ್ದಾಳೆ.

ಕೇಳಬೇಕಾದ ಮಾತುಗಳು

ಫೋನ್ ಮಾಡುವವರಿಗೆ ನಾನು ಹೇಳುವುದು ಇಷ್ಟು. ಘಟಕದ ಹಿರಿಯ ವೈದ್ಯರ ಸಮಯ ಕೇಳಿ, ತಂದೆ ತಾಯಿ ಇಬ್ಬರೂ ಕುಳಿತುಕೊಳ್ಳಿ. ಮಗುವಿಗೆ ಏನಾಗಿದೆ ಎಂಬುದರಲ್ಲಿ ನಿಮಗೆ ಖಚಿತವಾಗಿ ಗೊತ್ತಿರುವುದೆಷ್ಟು, ಅಂದಾಜೆಷ್ಟು ಎಂದು ಕೇಳಿ. ಎಲ್ಲ ಚೆನ್ನಾಗಿ ನಡೆದರೆ ಮಗು ಎರಡು ವರ್ಷಕ್ಕೆ ಹೇಗಿರುತ್ತದೆ, ಕೆಟ್ಟದ್ದಾದರೆ ಹೇಗಿರುತ್ತದೆ ಎಂದು ಕೇಳಿ. ಶೇಕಡಾವಾರು ಅರ್ಥವಾಗದಿದ್ದರೆ, ಇಂಥ ಹತ್ತು ಮಕ್ಕಳು ಬಂದರೆ ಎಷ್ಟು ಮನೆಗೆ ಹೋಗುತ್ತವೆ ಎಂದು ಕೇಳಿ. ಇಂದೇ ತೀರ್ಮಾನ ಆಗಬೇಕೆ, ನಾಳೆಯವರೆಗೆ ಕಾಯಬಹುದೇ ಎಂದೂ ಕೇಳಿ; ಅನೇಕ ಸಲ ಕಾಯಬಹುದು. 'ನಿಮ್ಮ ಮಗುವಾಗಿದ್ದರೆ ಏನು ಮಾಡುತ್ತಿದ್ದಿರಿ ಡಾಕ್ಟ್ರೇ?' ಎಂದು ಎಲ್ಲರೂ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಸಿಗುವ ಉತ್ತರ ಒಬ್ಬ ಮನುಷ್ಯನ ಅಭಿಪ್ರಾಯ, ಪರೀಕ್ಷೆಯ ವರದಿಯಲ್ಲ.

ಒಂದು ತಪ್ಪು ತಿಳಿವಳಿಕೆ ಬಹಳ ಹಾನಿ ಮಾಡುತ್ತಿದೆ. 'ಒಮ್ಮೆ ವೆಂಟಿಲೇಟರ್ ಹಾಕಿದರೆ ತೆಗೆಯುವಂತಿಲ್ಲ, ಆದ್ದರಿಂದ ಹಾಕಿಸುವುದೇ ಬೇಡ' ಎಂದು ಹೆದರಿ ಬದುಕಬಹುದಾದ ಮಗುವನ್ನೂ ಕರೆದೊಯ್ಯುವವರಿದ್ದಾರೆ. ವೈದ್ಯ ನೀತಿಶಾಸ್ತ್ರದಲ್ಲಿ ಫಲವಿಲ್ಲದ ಚಿಕಿತ್ಸೆಯನ್ನು ಆರಂಭಿಸದಿರುವುದೂ, ಆರಂಭಿಸಿ ಫಲವಿಲ್ಲವೆಂದು ಕಂಡಾಗ ನಿಲ್ಲಿಸುವುದೂ ಒಂದೇ ತೂಕದವು. ಆದ್ದರಿಂದ ಅನುಮಾನವಿದ್ದಾಗ ಮೂರು ದಿನವೋ ಐದು ದಿನವೋ ಗಡುವಿಟ್ಟು ಪ್ರಯತ್ನಿಸಿ, ಆಮೇಲೆ ಮತ್ತೆ ಕೂತು ಮಾತಾಡುವುದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ? ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದು ಭಾರತದಲ್ಲಿ ಅಪರಾಧ. ನೆದರ್‌ಲ್ಯಾಂಡ್ಸ್‌ನಲ್ಲಿ 2004ರಲ್ಲಿ ರೂಪುಗೊಂಡ ಗ್ರೋನಿಂಗನ್ ನಿಯಮಾವಳಿ ಅಪರೂಪದ ಸ್ಥಿತಿಗಳಲ್ಲಿ ಅದಕ್ಕೂ ದಾರಿ ಮಾಡಿತು. ನಮ್ಮಲ್ಲಿ ಅದಿಲ್ಲ, ಬೇಕೆಂದೂ ನನಗೆ ಅನ್ನಿಸಿಲ್ಲ. ಫಲವಿಲ್ಲದ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ನಮ್ಮ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಕ್ರಮ ಹೇಳಿತು, 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿತು. ಆ ತೀರ್ಪಿನ ಬಹುಭಾಗ ದೊಡ್ಡವರು ಮುಂಚಿತವಾಗಿ ಬರೆದಿಡುವ ಇಚ್ಛಾಪತ್ರದ ಬಗ್ಗೆ. ಹಸುಗೂಸು ಏನನ್ನೂ ಬರೆದಿಡುವುದಿಲ್ಲ. ಆದರೆ ಇಚ್ಛಾಪತ್ರವಿಲ್ಲದ ರೋಗಿಗಳ ವಿಷಯಕ್ಕೂ ಅಲ್ಲಿ ಕ್ರಮವಿದೆ. ಚಿಕಿತ್ಸೆ ನೀಡುವ ವೈದ್ಯರೂ ಇಬ್ಬರು ತಜ್ಞರೂ ಇರುವ ಒಂದು ಮಂಡಳಿ, ಜಿಲ್ಲಾ ವೈದ್ಯಾಧಿಕಾರಿ ಸೂಚಿಸಿದ ಒಬ್ಬರನ್ನು ಒಳಗೊಂಡ ಎರಡನೇ ಮಂಡಳಿ, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಮಾಹಿತಿ. ಇದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಕರ್ನಾಟಕ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿಯೇ ಮಕ್ಕಳ ಕೊನೆಗಾಲದ ಆರೈಕೆಯ ಬಗ್ಗೆ ಒಮ್ಮತದ ಹೇಳಿಕೆ ಪ್ರಕಟಿಸಿತ್ತು. ಆಸ್ಪತ್ರೆಯವರು 'ಸಹಿ ಹಾಕಿ ಕರ್ಕೊಂಡು ಹೋಗಿ' ಎಂದು ಆಂಬುಲೆನ್ಸ್ ತೋರಿಸಿದರೆ, ಅದು ಇದಾವುದರ ಪಾಲನೆಯೂ ಅಲ್ಲ. ದಾರಿಯಲ್ಲಿ, ಕೈಯಲ್ಲಿ ಮಗು ಉಸಿರು ಬಿಡುವುದನ್ನು ನೋಡುತ್ತ ಕೂರುವ ಶಿಕ್ಷೆ ಯಾವ ತಂದೆಗೂ ಬೇಡ. ಇಲ್ಲಿಯೇ ನೆಮ್ಮದಿಯಿಂದ ಹೋಗಲು ವ್ಯವಸ್ಥೆ ಮಾಡಿ ಎಂದು ಕೇಳಬಹುದು.

ಯಂತ್ರ ನಿಂತ ಮೇಲೆ

ಚಿಕಿತ್ಸೆ ನಿಲ್ಲಿಸುವುದೆಂದರೆ ಆರೈಕೆ ನಿಲ್ಲಿಸುವುದಲ್ಲ. ಮಗುವನ್ನು ಬೆಚ್ಚಗಿಡಬೇಕು. ನೋವು, ಏದುಸಿರು ಕಂಡರೆ ಔಷಧ ಕೊಡಬೇಕು. ಬಾಯಿ ಒಣಗದಂತೆ ನೋಡಿಕೊಳ್ಳಬೇಕು. ಚೀಪುವ ಮಗುವಾದರೆ ಒಂದೆರಡು ಹನಿ ತಾಯಿಯ ಹಾಲನ್ನೇ ತುಟಿಗೆ ಸವರಬಹುದು. ಬೇಡದ ಸೂಜಿ, ನಳಿಕೆ, ಸದ್ದು ಮಾಡುವ ಯಂತ್ರಗಳನ್ನು ತೆಗೆಸಿ ತಾಯಿಯ ಎದೆಗೆ ಕೊಡಬೇಕು. ಹೆಸರಿಡಬೇಕೆನ್ನಿಸಿದರೆ ಇಡಲಿ, ಕಿವಿಯಲ್ಲಿ ಆಜಾನ್ ಹೇಳುವವರು ಹೇಳಲಿ, ತೀರ್ಥ ಹಾಕುವವರು ಹಾಕಲಿ. ಪುಟ್ಟ ಪಾದದ ಗುರುತೊಂದನ್ನು ಕಾಗದದ ಮೇಲೆ ತೆಗೆದುಕೊಡುವ ದಾದಿಯರಿದ್ದಾರೆ. ಸೂತಕದ ಮನೆಯಲ್ಲಿ ಅದೆಲ್ಲ ಏಕೆ ಎಂದು ಹಿರಿಯರು ಗೊಣಗಬಹುದು. ತಾಯಿಯನ್ನು ಕೇಳಿ, ಅವಳು ಬೇಕೆಂದರೆ ಇಟ್ಟುಕೊಳ್ಳಲಿ.

ಮನೆಗೆ ಬಂದ ಮೇಲೆ ಯಾರೂ ಮೊದಲೇ ಹೇಳಿರದ ಒಂದು ಸಂಕಟ ಎದುರಾಗುತ್ತದೆ. ಮಗು ಇಲ್ಲ, ಎದೆಯಲ್ಲಿ ಹಾಲು ತುಂಬುತ್ತದೆ. ಎರಡನೇ, ಮೂರನೇ ದಿನ ಎದೆ ಕಲ್ಲಿನಂತಾಗಿ ಜ್ವರವೂ ಬರಬಹುದು. ಎದೆಯನ್ನು ಬಟ್ಟೆಯಿಂದ ಬಿಗಿದು ಕಟ್ಟುವ ಪದ್ಧತಿ ಬೇಡ. ನೋವು ತಗ್ಗುವಷ್ಟು ಮಾತ್ರ ಕೈಯಿಂದ ಹಿಂಡಿ ತೆಗೆದು, ತಣ್ಣನೆ ಬಟ್ಟೆ ಇಟ್ಟು, ನೋವಿನ ಮಾತ್ರೆ ತೆಗೆದುಕೊಂಡರೆ ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ. ಎದೆ ಕೆಂಪಾಗಿ ಜ್ವರ ಏರಿದರೆ ವೈದ್ಯರಿಗೆ ತೋರಿಸಬೇಕು. ಎದೆಹಾ­ಲಿನ ಬ್ಯಾಂಕ್ ಹತ್ತಿರದಲ್ಲಿದ್ದು, ಕೊಡಬೇಕೆಂದು ಆಕೆಗೇ ಅನ್ನಿಸಿದರೆ ಕೊಡಬಹುದು. ಯಾರೂ ಒತ್ತಾಯಿಸಬಾರದು.

ಆರು ವಾರದ ನಂತರ ಗಂಡ ಹೆಂಡತಿ ಇಬ್ಬರೂ ಮಗುವಿನ ಎಲ್ಲ ಕಾಗದಪತ್ರಗಳೊಂದಿಗೆ ಅದೇ ಘಟಕದ ವೈದ್ಯರನ್ನು ಮತ್ತೊಮ್ಮೆ ಕಾಣಬೇಕು. ಆ ದಿನ ಕಿವಿಗೆ ಬೀಳದ ಎಷ್ಟೋ ಮಾತು ಈಗ ಅರ್ಥವಾಗುತ್ತವೆ. ಮುಂದಿನ ಬಸಿರಿನ ವಿಷಯವನ್ನೂ ಆಗಲೇ ಕೇಳಬೇಕು: ವಂಶವಾಹಿ ಪರೀಕ್ಷೆ ಬೇಕೆ, ಯಾವ ವಾರದಲ್ಲಿ ಸ್ಕ್ಯಾನ್, ಹೆರಿಗೆ ಎಲ್ಲಿ ಆಗಬೇಕು ಎಂದು. ಬಸಿರಿಗೆ ಒಂದೆರಡು ತಿಂಗಳು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಆರಂಭಿಸಬೇಕು. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದರೆ ಇದರ ಹತ್ತರಷ್ಟು ಬೇಕಾಗುತ್ತದೆ, ಅದನ್ನು ವೈದ್ಯರೇ ಬರೆದುಕೊಡಬೇಕು. ಕಾಗದಗಳನ್ನು 'ಕಣ್ಣಿಗೆ ಬೀಳಬಾರದು' ಎಂದು ಸುಟ್ಟುಹಾಕುವ ಮನೆಗಳಿವೆ. ಸುಡಬೇಡಿ. ಆಕೆಯ ಕೈಗೆ ಸಿಗದ ಜಾಗದಲ್ಲಿ ಬೇಕಾದರೆ ಇಡಿ, ಆದರೆ ಇಟ್ಟಿದ್ದೀರಿ ಎಂದು ಆಕೆಗೆ ಗೊತ್ತಿರಲಿ.